ಐದು ನಿಮಿಷದ ಭಾಮೈದ

“ನೀವೇನು ಮಾಡಿದ್ರಿ ಭಾವ?”

ಕಂಪ್ಯೂಟರ್ ಕೈಕೊಟ್ಟಿದೆ ಅಂತ ಫೋನ್ ಮಾಡಿದರೆ ನನ್ನ ಭಾಮೈದ ಕೇಳುವ ಮೊದಲ ಪ್ರಶ್ನೆ ಇದು. ಹೊಟ್ಟೆನೋವು ಅಂದರೆ ಡಾಕ್ಟರೂ ‘ಏನು ತಿಂದ್ರಿ’ ಅನ್ನುತ್ತಾರೆ, ನಿಜ. ಆದರೆ ಅವರ ದನಿಯಲ್ಲಿ ಎಫ್‌ಐಆರ್ ಬರೆದುಕೊಳ್ಳುವ ಧಾಟಿ ಇರುವುದಿಲ್ಲ. “ನಾನೇನೂ ಮಾಡಿಲ್ಲ ಕಣಯ್ಯ. ರಾತ್ರಿ ಅದೇ ಅಪ್‌ಡೇಟ್ ಮಾಡ್ಕೊಂಡಿದೆ. ಬೆಳಿಗ್ಗೆಯಿಂದ ಟೈಪಿಂಗ್ ಪ್ರೋಗ್ರಾಂ ಓಪನ್ ಆಗ್ತಿಲ್ಲ” ಅಂದೆ. ಆ ಕಡೆಯಿಂದ ಒಂದು ನಿಟ್ಟುಸಿರು ಬಂತು. “ಎಲ್ಲರೂ ಹಾಗೇ ಹೇಳೋದು. ಸಂಜೆ ಬರ್ತೀನಿ, ಐದು ನಿಮಿಷದ ಕೆಲಸ. ಅಲ್ಲೀತನಕ ಏನನ್ನೂ ಮುಟ್ಟಬೇಡಿ.”

ಇಂಥವನೊಬ್ಬ ನಿಮ್ಮ ಬಳಗದಲ್ಲೂ ಇದ್ದೇ ಇರುತ್ತಾನೆ. ಹೊಟ್ಟೆಪಾಡಿನ ಕೆಲಸ ಬೇರೆ ಏನೋ, ನಮ್ಮವನದು ಬ್ಯಾಂಕು. ಕಂಪ್ಯೂಟರನ್ನು ಶಾಸ್ತ್ರೋಕ್ತವಾಗಿ ಓದಿದವನಲ್ಲ, ಕೆಡಿಸಿ ಕೆಡಿಸಿ ಕಲಿತವನು. ಸ್ಕೂಟರ್ ಕೀ ಗೊಂಚಲಲ್ಲಿ ಒಂದು ಪೆನ್‌ಡ್ರೈವ್ ಸದಾ ನೇತಾಡುತ್ತಿರುತ್ತದೆ. ಮದುವೆ ಊಟದ ಪಂಕ್ತಿಯಲ್ಲಿ ಅವನ ಎಡಬಲದ ಎಲೆಗೆ ಪೈಪೋಟಿ: ಹೋಳಿಗೆ ಬಡಿಸುವಾಗ ಒಬ್ಬರ ಪ್ರಿಂಟರ್, ಮಜ್ಜಿಗೆ ಹೊತ್ತಿಗೆ ಇನ್ನೊಬ್ಬರ ಲ್ಯಾಪ್‌ಟಾಪ್. ಬಿಡಿಗಾಸು ತೆಗೆದುಕೊಳ್ಳುವುದಿಲ್ಲ. ಆದರೆ ನಮ್ಮ ಮನೆಗೆ ಬಂದಾಗಲೆಲ್ಲ ನನ್ನ ಕುರ್ಚಿಯ ಹಿಡಿ ಎಳೆದು ಎತ್ತರ ತಗ್ಗಿಸುತ್ತಾನೆ, ಹೋಗುವಾಗ ಮೊದಲಿನಂತೆ ಮಾಡುವುದಿಲ್ಲ. ಹದಿನೈದು ವರ್ಷಗಳಿಂದ ಅವನು ಬಂದುಹೋದ ಮಾರನೇ ದಿನ ನಾನು ಮೇಜಿನಂಚಿಗೆ ಗದ್ದವಿಟ್ಟು ಟೈಪ್ ಮಾಡುತ್ತಿದ್ದೇನೆ.

ಅವನ ಪಂಚಾಂಗದಲ್ಲಿ ಏಕಾದಶಿ, ಷಷ್ಠಿ ಇಲ್ಲ. ತಿಂಗಳ ಎರಡನೇ ಮಂಗಳವಾರ ಇದೆ. 2003ರ ಅಕ್ಟೋಬರ್‌ನಿಂದ ಮೈಕ್ರೋಸಾಫ್ಟ್ ತನ್ನ ತಿಂಗಳ ಅಪ್‌ಡೇಟ್ ಬಿಡುವುದು ಆ ದಿನ. ಅಲ್ಲಿ ಬೆಳಿಗ್ಗೆ ಹತ್ತು ಗಂಟೆ ಅಂದರೆ ನಮಗೆ ರಾತ್ರಿ ಹತ್ತೂವರೆ, ಅವರ ಚಳಿಗಾಲದಲ್ಲಿ ಹನ್ನೊಂದೂವರೆ. ಮಂಗಳವಾರ ಉಗುರು ಕೂಡ ತೆಗೆಯಬಾರದು ಅಂತಿದ್ದ ನಮ್ಮಜ್ಜಿಗೆ ಇದು ತಿಳಿದಿದ್ದರೆ ಏನನ್ನುತ್ತಿದ್ದಳೋ. ಆ ಬುಧವಾರ ಭಾಮೈದ ಕಚೇರಿಗೆ ಹೋಗುವ ಮುಂಚೆ ಫೋನ್ ಪೂರ್ತಿ ಚಾರ್ಜ್ ಮಾಡಿಟ್ಟುಕೊಳ್ಳುತ್ತಾನೆ.

ವಿದ್ಯೆ ಇಲ್ಲ ಅನ್ನಲಾರೆ. “ಡಬಲ್ ಕ್ಲಿಕ್ ಮಾಡಿದರೆ ಪ್ರೋಗ್ರಾಂ ಮೂಗ ಭಾವ. ಕಪ್ಪು ಪರದೆಯಲ್ಲಿ ಅದರ ಹೆಸರು ಬರೆದು ಎಂಟರ್ ಒತ್ತಿ, ಬಾಯಿ ಬಿಡುತ್ತೆ” ಅನ್ನುವುದು ಅವನ ಮೂಲಮಂತ್ರ. ಉದಾಹರಣೆಗೆ ಉಬುಂಟುವಿನ ಕಥೆ ತಯಾರಿರುತ್ತದೆ. 2022ರ ಏಪ್ರಿಲ್‌ನಲ್ಲಿ ಬಂದ 22.04 ಆವೃತ್ತಿಯಲ್ಲಿ ಲಿಬ್‌ಫ್ಯೂಸ್2 ಎಂಬ ಹಳೆಯ ಲೈಬ್ರರಿ ತಾನಾಗಿ ಬರುತ್ತಿರಲಿಲ್ಲ. ಅದನ್ನೇ ನೆಚ್ಚಿಕೊಂಡಿದ್ದ ಆಪ್‌ಇಮೇಜ್ ಫೈಲುಗಳನ್ನು ಎಷ್ಟು ಒತ್ತಿದರೂ ಉಸಿರಿಲ್ಲ. ಟರ್ಮಿನಲ್‌ನಿಂದ ಓಡಿಸಿದರೆ ಮಾತ್ರ ‘ಲಿಬ್‌ಫ್ಯೂಸ್ ಸಿಗಲಿಲ್ಲ’ ಅನ್ನುತ್ತಿದ್ದವು. “ಅಡುಗೆ ಭಟ್ಟರು ಬಂದು ಕೂತಿದ್ದಾರೆ, ಸೌಟು ಅಟ್ಟದ ಮೇಲಿದೆ. ಭಟ್ಟರನ್ನ ಬೈದರೆ ಏನು ಬಂತು?” ಸೌಟಿನ ಈ ದೃಷ್ಟಾಂತ ನಾನು ನಲವತ್ತು ಸಲ ಕೇಳಿದ್ದೇನೆ. ವಿಸಿರನ್‌ಟೈಮ್140 ಡಿಎಲ್‌ಎಲ್ ಇಲ್ಲ ಅಂತ ಬಂದರೂ ಸೌಟು, ಹಳೆಯ ಪ್ರೋಗ್ರಾಂ ಡಾಟ್‌ನೆಟ್ 3.5 ಕೇಳಿದರೂ ಸೌಟು. ಕಾಣೆಯಾದ ಡಿಎಲ್‌ಎಲ್ಲನ್ನು ಗೊತ್ತುಗುರಿಯಿಲ್ಲದ ಜಾಗದಿಂದ ಇಳಿಸಿಕೊಂಡವರನ್ನು ಕಂಡರೆ ಮಾತ್ರ ಅವನಿಗೆ ಕೋಪ ನೆತ್ತಿಗೇರುತ್ತದೆ: “ಬೀದೀಲಿ ಬಿದ್ದ ಸೌಟು ತಂದು ಸಾರಿಗೆ ಹಾಕ್ತೀರಾ?”

2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್‌ನ ಒಂದು ಅಪ್‌ಡೇಟಿನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ಕೂತವಲ್ಲ, ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರಲ್ಲ, ಅವತ್ತು ಇವನು ಟೀವಿ ಮುಂದೆ ಸೊಂಟ ಕಟ್ಟಿ ನಿಂತಿದ್ದ. ಸೇಫ್ ಮೋಡ್‌ಗೆ ಹೋಗಿ ಯಾವ ಫೈಲ್ ಅಳಿಸಬೇಕೆಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದ. ಅದು ದೊಡ್ಡ ಸಂಸ್ಥೆಗಳು ಹಾಕಿಸಿಕೊಳ್ಳುವ ಸಾಫ್ಟ್‌ವೇರ್. ನಮ್ಮ ಬಳಗದಲ್ಲಿ ಯಾರ ಮನೆಯಲ್ಲಿ ಇರಬೇಕು? ರಾತ್ರಿಯಾದರೂ ಒಂದು ಫೋನ್ ಬರಲಿಲ್ಲ. ಪಾಪ, ಊಟವನ್ನೂ ಸರಿಯಾಗಿ ಮಾಡಲಿಲ್ಲವಂತೆ.

ಇರಲಿ, ನನ್ನ ಪ್ರೋಗ್ರಾಮಿಗೆ ಬರುತ್ತೇನೆ. ಅದೇ ವರ್ಷದ ದಸರೆ, ಅಕ್ಟೋಬರ್ 9, ಬುಧವಾರ. ಆಯುಧಪೂಜೆಗೆ ಎರಡೇ ದಿನ. ನಡುಮನೆ ತುಂಬ ಗೊಂಬೆ ಕೂತಿವೆ, ನಾನು ಮಾರನೇ ದಿನ ಲೇಖನ ಕೊಡಬೇಕು. ಸಂಜೆ ಆರೂವರೆಗೆ ಬಂದವನೇ ಕುರ್ಚಿ ತಗ್ಗಿಸಿದ. “ಅಕ್ಕ, ಕಾಫಿ” ಅಂದ. ಐಕಾನಿನ ಮೇಲೆ ಡಬಲ್ ಕ್ಲಿಕ್ ಮಾಡಿದ. ಚಕ್ರ ಒಂದು ಸುತ್ತು ತಿರುಗಿ ನಿಂತಿತು, ಏನೂ ಬರಲಿಲ್ಲ. ಇನ್ನೊಮ್ಮೆ. ಮತ್ತೊಮ್ಮೆ. ಏಳನೇ ಸಲದ ನಂತರ ಟಾಸ್ಕ್ ಮ್ಯಾನೇಜರ್ ತೆಗೆದ. ಅಲ್ಲಿ ನನ್ನ ಪ್ರೋಗ್ರಾಂ ಏಳು ಸಾಲಾಗಿ ಇತ್ತು.

“ಓಡ್ತಾ ಇದೆಯಲ್ಲ ಭಾವ!”

“ಎಲ್ಲಿ ಓಡ್ತಿದೆ?”

“ಒಳಗೆ.”

ಒಳಗೆ ಓಡುತ್ತಿದ್ದ ಏಳನ್ನೂ ಒಂದೊಂದಾಗಿ ಕೊಂದ. ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ನೋಡಿದ. ಆಂಟಿವೈರಸ್ ಏನಾದರೂ ಹಿಡಿದಿಟ್ಟುಕೊಂಡಿದೆಯೋ ಅಂತ ತಡಕಿದ. ಆಮೇಲೆ ಇವೆಂಟ್ ವ್ಯೂವರ್ ಅನ್ನುವ ಚಿತ್ರಗುಪ್ತನ ಖಾತೆ ಬಿಚ್ಚಿದ. ಪುಟದ ತುಂಬ ಕೆಂಪು ಗುರುತು. ಇದು ಇಷ್ಟು ದಿನ ಜೀವದಿಂದಿದ್ದದ್ದೇ ಹೆಚ್ಚು ಅಂದುಕೊಂಡೆ. “ಇವೆಲ್ಲ ಮಾಮೂಲು, ಎಲ್ಲರ ಮನೇಲೂ ಇರುತ್ತೆ” ಅಂದ, ಬೀಪಿ ನೋಡಿದ ಡಾಕ್ಟರ ಹಾಗೆ. ಮುಂದೆ ಸಿಸ್ಟಂ ಫೈಲುಗಳ ತಪಾಸಣೆ. ಕಪ್ಪು ಪರದೆಯ ಮೇಲೆ ಶೇಕಡಾ ಲೆಕ್ಕ ಏರುವುದನ್ನು ಇಬ್ಬರೂ ಕುಕ್ಕರ್ ಸೀಟಿಗೆ ಕಾಯುವಂತೆ ಕಾದೆವು. ಕೊನೆಗೆ ಯಾವ ದೋಷವೂ ಇಲ್ಲ ಅಂತ ಬಂತು. ಅವನ ಮುಖ ಬಾಡಿತು.

ಎಂಟೂವರೆಗೆ ಪ್ರೋಗ್ರಾಂ ತೆಗೆದುಹಾಕಿ ಮತ್ತೆ ಹಾಕಿದ. ಊಹೂಂ. ತೆಗೆದುಹಾಕಿದರೂ ನಮ್ಮ ಸೆಟ್ಟಿಂಗ್‌ಗಳು ಎಷ್ಟೋ ಸಲ ಹಾಗೇ ಉಳಿದುಬಿಡುತ್ತವಂತೆ. ಮನೆ ಕೆಡವಿ ಹೊಸದು ಕಟ್ಟಿದರೂ ಅತ್ತೆಸೊಸೆ ಹಳಬರೇ. ಒಂಬತ್ತೂವರೆಗೆ ಅವನಿಗೊಂದು ಉಪಾಯ ಹೊಳೆದು, ಕಂಪ್ಯೂಟರಿನಲ್ಲಿ ಹೊಸ ಬಳಕೆದಾರನ ಖಾತೆ ತೆರೆದ. ‘ಭಾವ 2’ ಅಂತ ಹೆಸರಿಟ್ಟ. ಅದಕ್ಕೆ ಲಾಗಿನ್ ಆಗಿ ಡಬಲ್ ಕ್ಲಿಕ್ ಮಾಡಿದರೆ ಪ್ರೋಗ್ರಾಂ ಟಪ್ಪಂತ ಎದ್ದು ನಿಂತಿತು!

ಅವನು ಕುರ್ಚಿಯನ್ನು ನನ್ನ ಕಡೆ ತಿರುಗಿಸಿ, ತುಂಬ ಮೃದುವಾಗಿ ಹೇಳಿದ: “ಪ್ರೋಗ್ರಾಂ ಸರಿಯಾಗಿದೆ ಭಾವ. ಕಂಪ್ಯೂಟರೂ ಸರಿಯಾಗಿದೆ. ನೀವು ಸರಿಯಿಲ್ಲ.”

ಬಾಗಿಲಲ್ಲಿ ಮೊಸರನ್ನದ ತಟ್ಟೆ ಹಿಡಿದು ನಿಂತಿದ್ದ ನನ್ನ ಹೆಂಡತಿ ತಲೆ ಆಡಿಸಿದಳು. ತಮ್ಮ ಹೇಳಿದ್ದು ಅವಳಿಗೆ ಹೊಸ ವಿಷಯವೇನಲ್ಲ.

ಮತ್ತೆ ಹಳೆಯ ಭಾವನ ಖಾತೆಗೆ ಬಂದು ಹುಡುಕಾಟ ನಡೆಸುವಾಗ ಮೌಸು ಕೆಳಗಿನ ಪಟ್ಟಿಯ ಮೇಲೆ ಒಂದು ಕ್ಷಣ ನಿಂತಿತು. ಅಂಚೆಚೀಟಿಯಷ್ಟು ಚಿತ್ರ ಮೇಲೆದ್ದು ಮಾಯವಾಯಿತು. “ಅದೇನೋ ಚಿಕ್ಕದಾಗಿ ಬಂದು ಹೋಯ್ತಲ್ಲೋ” ಅಂದಳು ಇವಳು. ಮೌಸು ಹಿಂದೆ ತಂದ. ನನ್ನ ಪ್ರೋಗ್ರಾಮೇ! ಬಿಳಿ ಹಾಳೆ, ಮೇಲೆ ಬಟನ್‌ಗಳ ಸಾಲು, ಎಲ್ಲ ನೆಟ್ಟಗೆ ತೆರೆದುಕೊಂಡಿತ್ತು. ಭಾಮೈದ ಪರದೆ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಮೇಜಿನ ಬಲಗಡೆಯ ಖಾಲಿ ಜಾಗ ನೋಡಿದ.

“ಭಾವ, ಇಲ್ಲೊಂದು ಮಾನಿಟರ್ ಇತ್ತಲ್ಲ, ನಾನು ಕೊಟ್ಟಿದ್ದು?”

ಇತ್ತು. ಮಹಾಲಯ ಅಮಾವಾಸ್ಯೆಯ ದಿನ ಪಟ್ಟದ ಗೊಂಬೆಗೆ ಒಂದು ಪುಟ್ಟ ಮೇಜು ಬೇಕು ಅಂದರು. ಅದರ ಮೇಲಿದ್ದ ಮಾನಿಟರನ್ನು ಕಳಚಿ, ಹಳೇ ಪಂಚೆ ಸುತ್ತಿ ಅಟ್ಟಕ್ಕೇರಿಸಿದವನು ನಾನೇ. ನಾನೋ ಕಂಪ್ಯೂಟರನ್ನು ಆರಿಸುವ, ಪ್ರೋಗ್ರಾಂ ಮುಚ್ಚುವ ಅಭ್ಯಾಸವಿಲ್ಲದವನು. ವಾರವಿಡೀ ತೆರೆದೇ ಇತ್ತು, ನಡೆಯಿತು. ಮಂಗಳವಾರ ರಾತ್ರಿ ಅಪ್‌ಡೇಟ್ ಅದನ್ನು ಮುಚ್ಚಿಸಿ ಕಂಪ್ಯೂಟರ್ ರಿಸ್ಟಾರ್ಟ್ ಮಾಡಿಸಿತು, ಅಷ್ಟೇ ಅದರ ಪಾಪ. ಬೆಳಿಗ್ಗೆ ಪ್ರೋಗ್ರಾಂ ಎದ್ದು, ತಾನು ಹಿಂದೆ ಕೂತಿದ್ದ ಜಾಗ ನೆನಪಿಟ್ಟುಕೊಂಡು, ವಿಧೇಯವಾಗಿ ಅಲ್ಲಿಗೇ ಹೋಗಿ ಕೂತಿದೆ. ಇಲ್ಲದ ಮಾನಿಟರಿನ ಮೇಲೆ. ನಾನು ಕರೆದಾಗಲೆಲ್ಲ ಬಂದಿದೆ, ನನಗೆ ಕಂಡಿಲ್ಲ.

ಆಲ್ಟ್ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದ. ಎಂ ಒತ್ತಿದ. ಬಾಣದ ಗುರುತಿನ ಕೀಲಿ ಒಮ್ಮೆ ತಟ್ಟಿ ಮೌಸು ಎಳೆದ. ಪರದೆಯ ಬಲ ಅಂಚಿನಿಂದ ನನ್ನ ಕಿಟಕಿ, ತಡವಾಗಿ ಬಂದ ಹುಡುಗ ತರಗತಿಗೆ ಇಣುಕುವ ಹಾಗೆ, ಮೆಲ್ಲಗೆ ಒಳಗೆ ಬಂತು. ಇಡೀ ಚಿಕಿತ್ಸೆಗೆ ಐದು ನಿಮಿಷವೂ ಹಿಡಿಯಲಿಲ್ಲ. ಗಂಟೆ ಮಾತ್ರ ಹತ್ತೂಮುಕ್ಕಾಲು.

‘ನೀವೇನು ಮಾಡಿದ್ರಿ’ ಅಂತ ಅವನು ಆಗ ಕೇಳಬಹುದಿತ್ತು. ಕೇಳಲಿಲ್ಲ. ತಣ್ಣಗಾಗಿದ್ದ ಮೊಸರನ್ನ ಗಬಗಬ ತಿಂದ. ಗೇಟಿನ ತನಕ ಹೋದೆ. ಹೆಲ್ಮೆಟ್ ಹಾಕಿಕೊಳ್ಳುತ್ತ, “ಈಗೀಗ ಯಾರೂ ಕರೆಯಲ್ಲ ಭಾವ. ಎಲ್ಲಾ ಫೋನಲ್ಲೇ ಮಾಡ್ಕೋತಾರೆ. ನನ್ನ ಮಗಳಿಗಂತೂ ಎಲ್ಲಾ ಬ್ರೌಸರಲ್ಲೇ; ‘ಇನ್‌ಸ್ಟಾಲ್ ಅಂದ್ರೇನಪ್ಪಾ’ ಅಂತಾಳೆ” ಅಂದ. ಏನು ಹೇಳಬೇಕೋ ತಿಳಿಯದೆ, ನಮ್ಮ ಮನೆ ಪ್ರಿಂಟರ್ ಆಗಾಗ ಪೇಪರ್ ನುಂಗುತ್ತೆ ಅಂದೆ. “ಭಾನುವಾರ ಬರ್ತೀನಿ. ಐದು ನಿಮಿಷದ ಕೆಲಸ” ಅಂದು ಸ್ಕೂಟರ್ ಹೊರಡಿಸಿದ. ಒಳಗೆ ಬಂದು ಕೂತರೆ ಕುರ್ಚಿ ಪಾತಾಳದಲ್ಲಿತ್ತು.

‘ಭಾವ 2’ನನ್ನು ಅಳಿಸುವುದನ್ನು ಅವನು ಮರೆತ, ನನಗೆ ಅಳಿಸಲು ಬರುವುದಿಲ್ಲ. ಇವತ್ತಿಗೂ ಬೆಳಿಗ್ಗೆ ಕಂಪ್ಯೂಟರ್ ಹಾಕಿದರೆ ಇಬ್ಬರ ಹೆಸರೂ ಕಾಣುತ್ತದೆ. ಹೆಂಡತಿ ಹಿಂದಿನಿಂದ ಹಾದುಹೋಗುವಾಗ, ನಾನು ಯಾವುದೋ ತಗಾದೆ ತೆಗೆದ ದಿನವಾದರೆ, ಕೇಳುತ್ತಾಳೆ: “ಇವತ್ತೊಂದು ದಿನ ಆ ಇನ್ನೊಬ್ಬರನ್ನ ಕರೀಬಾರದಾ?”