ಸ್ಟಾರ್ ಒಂದೋ ಎರಡೋ?

ಬನ್ನಿ ಸಾರ್, ಬನ್ನಿ, ನಿಮ್ಮನ್ನೇ ಹುಡುಕ್ತಿದ್ದೆ. ಓಪನ್ ಸೋರ್ಸ್ ಪ್ರಾಜೆಕ್ಟ್ ಶುರು ಮಾಡಿದ್ದೀರಂತೆ, ಸಂತೋಷ. ಅದಕ್ಕೊಂದು ವಿಕಿ ಬೇರೆಯಂತೆ, ಡಬಲ್ ಸಂತೋಷ. ಎಷ್ಟು ಪುಟ ಆಯ್ತು? ಏನು, ಯಾವ ಫಾರ್ಮ್ಯಾಟ್ ಅಂತ್ಲೇ ಇನ್ನೂ ತೀರ್ಮಾನ ಆಗಿಲ್ವಾ? (ನಗ್ತಿಲ್ಲ ಸಾರ್, ಕೆಮ್ಮು.)

ಕೆಂಗೇರೀಲಿ ಮೆಟ್ರೋ ಹತ್ತೋವಾಗ ನೀವು ಮಾರ್ಕ್‌ಡೌನ್ ಪಾರ್ಟಿ. ಅತ್ತಿಗುಪ್ಪೆ ಬರೋ ಹೊತ್ತಿಗೆ ಪಕ್ಕದ ಸೀಟಿನ ಗೆಳೆಯ ಆಸ್ಕಿಡಾಕ್ ಅಂತ ತಲೆ ತಿಂದಿರ್ತಾನೆ. ವಿಜಯನಗರದಲ್ಲಿ ಇಳಿದು ದರ್ಶಿನಿ ಮುಂದೆ ಬೈಟು ಕಾಫಿ ಹಿಡ್ಕೊಂಡು ಶುರುವಾಗತ್ತೆ ನೋಡಿ ಮಹಾಯುದ್ಧ: ಬೋಲ್ಡ್ ಮಾಡೋಕೆ ಆಸ್ಕಿಡಾಕಲ್ಲಿ ಒಂದು ಸ್ಟಾರ್ ಸಾಕು, ಮಾರ್ಕ್‌ಡೌನಲ್ಲಿ ಯಾಕಪ್ಪಾ ಎರಡು?

ಹತ್ರ ಬನ್ನಿ, ಗುಟ್ಟು ಹೇಳ್ತೀನಿ. ಫಾರ್ಮ್ಯಾಟ್ ಬಗ್ಗೆ ಮಾತಾಡ್ತಾ ಇರೋ ತನಕ ಏನೂ ಬರೀಬೇಕಾಗಿಲ್ಲ, ಅಲ್ವಾ? ಪಾರ್ಕಿನ್ಸನ್ ಸಾಹೇಬ್ರು 1957ರ ಪುಸ್ತಕದಲ್ಲೇ ನಿಮ್ಮನ್ನ ಹಿಡಿದುಹಾಕಿದ್ದಾರೆ: ಅದರಲ್ಲೊಂದು ಕಮಿಟಿ ಅಣುಸ್ಥಾವರಕ್ಕೆ ಎರಡೂವರೆ ನಿಮಿಷದಲ್ಲಿ ಸೈ ಅಂತು, ಸೈಕಲ್ ಶೆಡ್ಡಿಗೆ ಮುಕ್ಕಾಲು ಗಂಟೆ ಎಳೀತು. ನಿಮ್ಮ ಬಸವೇಶ್ವರನಗರದ ಅಪಾರ್ಟ್‌ಮೆಂಟ್ ಮೀಟಿಂಗಲ್ಲಿ ಗೇಟಿನ ಪೇಂಟಿಗೆ ಆದ ಗಲಾಟೆ ಮರ್ತೋಯ್ತಾ?

ಸಮಾಧಾನ ಮಾಡ್ಕೊಳ್ಳಿ, ದೊಡ್ಡೋರೂ ಹಿಂಗೇನೆ. ಜಾನ್ ಗ್ರೂಬರ್ 2004ರಲ್ಲಿ ಮಾರ್ಕ್‌ಡೌನ್ ಬಿಟ್ರು. ನಿಯಮ ಅಲ್ಲಲ್ಲಿ ಸಡಿಲ, ಹಂಗಾಗಿ ಊರಿಗೊಂದು ಮಾರ್ಕ್‌ಡೌನ್ ಹುಟ್ಕೊಂತು. 2014ರಲ್ಲಿ ಒಂದಿಷ್ಟು ಜನ ಸೇರ್ಕೊಂಡು ಎಲ್ಲ ಸರಿಮಾಡಿ ‘ಸ್ಟ್ಯಾಂಡರ್ಡ್ ಮಾರ್ಕ್‌ಡೌನ್’ ಅಂತ ಹೆಸರಿಟ್ರೆ, ಆ ಹೆಸರಿಗೆ ಗ್ರೂಬರ್ ಗುರ್ರಂದ್ರು. ಕೊನೆಗೆ ಕಾಮನ್‌ಮಾರ್ಕ್ ಆಯ್ತು. (ನಾಮಕರಣದಲ್ಲಿ ಜಗಳ ಆಗದ ಮನೆ ಎಲ್ಲಿದೆ ಹೇಳಿ!)

ಆ ಗುಂಪಲ್ಲಿದ್ದ ಜಾನ್ ಮ್ಯಾಕ್‌ಫಾರ್ಲೇನ್ ಬರ್ಕ್ಲೀಲಿ ಫಿಲಾಸಫಿ ಮೇಷ್ಟ್ರು. ಅವರು ಪ್ಯಾನ್‌ಡಾಕ್ ಅನ್ನೋ ಪ್ರೋಗ್ರಾಂ ಬರೆದಿಟ್ಟು ವರ್ಷಗಳೇ ಆದ್ವು. ಒಂದು ಫಾರ್ಮ್ಯಾಟ್ ಕೊಡಿ, ಇನ್ನೊಂದು ಮಾಡಿ ಕೊಡತ್ತೆ. ಇವತ್ತು ತಪ್ಪು ಆರಿಸಿದ್ರೂ ನಾಳೆ ಬದಲಾಯಿಸ್ಕೋಬೋದು. (ಟೇಬಲ್ ಒಂಚೂರು ಸೊಟ್ಟಗಾಗತ್ತೆ. ಆಗ್ಲಿ ಬಿಡಿ.)

ಅದಿರ್ಲಿ, ವಿಕಿ ಕನ್ನಡದಲ್ಲಿ ಅಂದ್ರಲ್ಲಾ? ಈಗ ಬಂತು ನೋಡಿ ಮಜಾ. ವಾರ್ಡ್ ಕನ್ನಿಂಗ್‌ಹ್ಯಾಮ್ 1995ರಲ್ಲಿ ಮಾಡಿದ ಮೊದಲ ವಿಕೀಲಿ ಕ್ಯಾಪಿಟಲ್ ಅಕ್ಷರದಿಂದ ಶುರುವಾಗೋ ಪದಗಳನ್ನ ಒಂದಕ್ಕೊಂದು ಅಂಟಿಸಿ ಬರೆದ್ರೆ ಅದೇ ಲಿಂಕ್. ನಾವು ಕ್ಯಾಪಿಟಲ್ ‘ಕ’ ಎಲ್ಲಿಂದ ತರೋಣ? ಆಮೇಲೆ ಮೀಡಿಯಾವಿಕೀಲಿ ಜೋಡಿ ಚೌಕ ಬ್ರಾಕೆಟ್ ಬಂತು. 2003ರಲ್ಲಿ ಶುರುವಾದ ನಮ್ಮ ಕನ್ನಡ ವಿಕಿಪೀಡಿಯದಲ್ಲೂ ಅದೇ.

ಚೆನ್ನಾಗಿದೆ. ಆದ್ರೆ ಇನ್‌ಸ್ಕ್ರಿಪ್ಟ್ ಕೀಬೋರ್ಡಲ್ಲಿ ಚೌಕ ಬ್ರಾಕೆಟ್ ಕೂತಿರೋ ಕೀ ಒತ್ತಿದ್ರೆ ಬರೋದು ‘ಡ’. ಲಿಂಕ್ ಹಾಕೋಕೆ ಹೋದ್ರೆ ‘ಡಡ’. ವಿಕಿಪೀಡಿಯದ ಥರ ಬೋಲ್ಡ್ ಮಾಡೋಣ ಅಂತ ಸಿಂಗಲ್ ಕೋಟ್ ಕೀಯನ್ನ ಮೂರು ಸಲ ಕುಟ್ಟಿದ್ರೆ ‘ಟಟಟ’. ಲೇಖನ ಬರೀತಿದ್ದೀರೋ ತಮಟೆ ಬಾರಿಸ್ತಿದ್ದೀರೋ? ಒಂದೊಂದು ಲಿಂಕಿಗೂ ಇಂಗ್ಲಿಷಿಗೆ ಹೋಗಿ ವಾಪಸ್ ಬರಬೇಕು. (ಕೆ.ಪಿ. ರಾವ್ ವಿನ್ಯಾಸದಲ್ಲಿ ಕುಟ್ಟೋರಿಗೆ ಈ ಕಾಟ ಇಲ್ಲ. ಅವರು ಪುಣ್ಯವಂತರು.)

ನಿಮ್ಮ ದರ್ಶಿನಿ ದುಂಡುಮೇಜಲ್ಲಿ ಯಾರಾದ್ರೂ ಇದನ್ನ ಕೇಳಿದ್ರಾ? ಯಾಕೆ ಕೇಳ್ತಾರೆ, ಕೂತಿದ್ದೋರೆಲ್ಲ ಕೋಡ್ ಬರಿಯೋರು. ನಿಮ್ಮ ವ್ಯಾಕರಣ ತಿದ್ದಿ ಕೊಡೋಕೆ ರೆಡಿ ಇರೋದು ರಾಜಾಜಿನಗರದ ರಿಟೈರ್ಡ್ ಕನ್ನಡ ಮೇಡಂ. ಅವರಿಗೆ ನಿಮ್ಮ ಸ್ಟಾರೂ ಬೇಡ, ಬ್ರಾಕೆಟ್ಟೂ ಬೇಡ. ವಿಕಿಪೀಡಿಯದಲ್ಲಿ ವಿಷುಯಲ್ ಎಡಿಟರ್ ಇದೆ, ಸೆಲೆಕ್ಟ್ ಮಾಡಿ ಬೋಲ್ಡ್ ಬಟನ್ ಒತ್ತಿದ್ರೆ ಆಯ್ತು. ನಿಮ್ಮ ವಿಕಿಗೂ ಅಂಥದ್ದೊಂದು ಹಾಕಿಕೊಡಿ ಅಂದ್ರೆ ಯಾಕ್ ಸಾರ್ ಮುಖ ಸಿಂಡರಿಸ್ತೀರಾ? ಮೌಸ್ ಮುಟ್ಟಿದ್ರೆ ಮೈಲಿಗೆ ಆಗತ್ತಾ?

ಸರಿ, ನಿಮ್ ಹಠಾನೇ ಗೆಲ್ಲಲಿ. ಕೋಡ್ ಬರಿಯೋರಿಗೆ ಮಾರ್ಕ್‌ಡೌನ್, ಮೇಡಮ್ಮಿಗೆ ಬಟನ್. ಇನ್‌ಸ್ಟಾಲ್ ಮಾಡೋದು ಹೆಂಗೆ ಅನ್ನೋ ಪುಟ ತೆಗೆದಿದ್ದೀನಿ, ಮೊದಲ ಸಾಲು ಹೇಳಿ, ನಾನೇ ಟೈಪ್ ಮಾಡ್ತೀನಿ. ಏನಂದ್ರಿ? ಮೊದಲು ಲೋಗೋ ಕಲರ್ ಫೈನಲ್ ಆಗ್ಬೇಕಾ?