ಓನರಪ್ಪನ ಜ್ಞಾಪಕಶಕ್ತಿ

ಭರಮಸಾಗರದ ಹೈವೇ ಬದಿ ಯಾವ ಹೋಟೆಲಿಗೆ ಹೊಕ್ಕರೂ ಒಬ್ಬ ಓನರಪ್ಪ ಕೂತಿರುತ್ತಾನೆ. ಒಂದು ಲಾರಿ, ಒಂದು ಟ್ರ್ಯಾಕ್ಟರ್, ಜೇಬಿನಲ್ಲಿ ಮೂರು ಪೆನ್ನು. ಬರೆದಿಡುವುದು ಮಾತ್ರ ಏನೂ ಇಲ್ಲ; ಹಾಜರಿ, ಬಟವಾಡೆ, ಅಡ್ವಾನ್ಸು ಎಲ್ಲ ತಲೆಯಲ್ಲೇ. ಆ ತಲೆಯ ಬೀಗದ ಕೈ ಇರುವುದು ಇನ್ಶೂರೆನ್ಸ್ ಕಂಪನಿಯ ಹತ್ತಿರ.

ಟ್ರ್ಯಾಕ್ಟರಿನಿಂದ ಬಿದ್ದು ಕೂಲಿಯವನ ಕಾಲು ಮುರಿಯಿತು. ಪಾಲಿಸಿ ಮುಗಿದುಹೋಗಿತ್ತು. "ಯಾವನ್ರೀ ಅವ್ನು? ಡ್ರಾಪ್ ಕೇಳಿ ಹತ್ತಿರ್ಬೇಕು" ಎಂದ ಓನರಪ್ಪ. ಹಾಗಾದರೆ ಸೋಮವಾರ ಸಿರಿಗೆರೆ ಮಠದ ನ್ಯಾಯಪೀಠದಲ್ಲೇ ಇತ್ಯರ್ಥವಾಗಲಿ ಎಂದರು ಹಿರಿಯರು. ಆ ಸೋಮವಾರ ಓನರಪ್ಪನಿಗೆ ಜ್ವರ.

ಲಾರಿಯ ಕ್ಲೀನರ್ ಹೆಬ್ಬೆರಳು ಕಳಕೊಂಡಾಗ ಪಾಲಿಸಿ ಜೀವಂತವಿತ್ತು. ಓನರಪ್ಪನ ನೆನಪೂ ಜೀವ ತಳೆಯಿತು. ದುರ್ಗದ ಕೋರ್ಟಿನ ಕಟಕಟೆ ಹತ್ತಿ, "ನಮ್ಮನೆ ಮಗ ಇದ್ದಂಗೆ ಸ್ವಾಮಿ. ತಿಂಗ್ಳಿಗೆ ಹದಿನೈದು ಸಾವಿರ, ಮೇಲೆ ಬಾಟಾ" ಎಂದ. ಏಳು ಸಾವಿರ ಎಣಿಸುತ್ತಿದ್ದ ಕ್ಲೀನರ್ ಬೆಚ್ಚಿ ಬಿದ್ದ. "ಸಂಬಳದ ದಾಖಲೆ?" ಎಂದರು ಕಂಪನಿ ವಕೀಲರು. "ವಿಶ್ವಾಸ ಸ್ವಾಮಿ, ಬರೀ ವಿಶ್ವಾಸ!" ಕಂಪನಿಯ ದುಡ್ಡಿನಲ್ಲಿ ಧರ್ಮ ಮಾಡುವಾಗ ಕೈ ಹಿಡಿಯುವುದುಂಟೆ?

ಲೆಕ್ಕ ಮಾತ್ರ ಆಗ ಜಾರಿಯಲ್ಲಿದ್ದ 1923ರ ಕಾರ್ಮಿಕ ಪರಿಹಾರ ಕಾಯ್ದೆಯದು. ಅದರ ಪಟ್ಟಿಯಲ್ಲಿ ಒಂದೊಂದು ಬೆರಳಿಗೂ ದರವಿತ್ತು: ಹೆಬ್ಬೆರಳು ಶೇ. 30, ತೋರುಬೆರಳು 14, ಕಿರುಬೆರಳು 7. ಸಂಬಳದ ಶೇ. 60, ಅದರಲ್ಲಿ ಶೇ. 30, ನಲವತ್ತರ ವಯಸ್ಸಿಗೆ 184.17ರ ಗುಣಾಂಕ. ಒಟ್ಟು 4,97,259 ರೂಪಾಯಿ! ಓನರಪ್ಪ ಕೋರ್ಟಿನ ಅಂಗಳದಲ್ಲೇ ಎಲ್ಲರಿಗೂ ಮಂಡಕ್ಕಿ-ಮಿರ್ಚಿ ಕೊಡಿಸಿದ.

ಮಿರ್ಚಿ ಮುಗಿಯುವಷ್ಟರಲ್ಲಿ ಅವನ ವಕೀಲರು ಬಂದರು. "ಅಪಘಾತವಾದ ತಿಂಗಳೊಳಗೆ ಹಣ ಕಟ್ಟಬೇಕಿತ್ತು. ಅಸಲು, ಶೇ. 12ರ ಬಡ್ಡಿ ಕಂಪನಿ ಕೊಡುತ್ತೆ. ಸರಿಯಾದ ಕಾರಣವಿಲ್ಲದೆ ತಡ ಮಾಡಿದ್ದಕ್ಕೆ ಪರಿಹಾರದ ಅರ್ಧದವರೆಗೂ ದಂಡ ಬೀಳಬಹುದು. ಅದು ಮಾತ್ರ ನಿಮ್ಮ ತಲೆಗೇ. ಸುಪ್ರೀಂ ಕೋರ್ಟು 1997ರಲ್ಲೇ ಹೇಳಿಬಿಟ್ಟಿದೆ."

ಓನರಪ್ಪ ಮೊಟ್ಟಮೊದಲ ಬಾರಿಗೆ ಜೇಬಿನ ಪೆನ್ನು ತೆಗೆದ. ಮಂಡಕ್ಕಿ ಪೊಟ್ಟಣದ ಹಾಳೆಯ ಮೇಲೆ ಹದಿನೈದು ಸಾವಿರದ ಲೆಕ್ಕ ಹಾಕಿದ, ಏಳು ಸಾವಿರದ್ದೂ ಹಾಕಿದ. ದಂಡ ಅರ್ಧಕ್ಕಿಂತ ಕೆಳಗಿಳಿಯಿತು. ಹಣೆ ಒರೆಸಿಕೊಂಡು ಕೇಳಿದ:

"ಅಂದ್ರೆ ವಕೀಲ್ರೇ, ನಿಜ ಹೇಳಿದ್ರೆ ಅಗ್ಗ ಬೀಳ್ತಿತ್ತೇನ್ರಿ?"