ಕೈ ಒದ್ದೆಯಾಗದಂತೆ ಕಾಯಕಲ್ಪ

ಕೆಂಗೇರಿ ದಾಟಿ ಮೈಸೂರು ರಸ್ತೆಯಿಂದ ಒಳಗೆ ತಿರುಗಿದ ಯಾವುದೋ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರ ನಿಮ್ಮ ಸುಪರ್ದಿಗೆ ಬಂದಿದೆ ಎಂದುಕೊಳ್ಳಿ. ಗಾಬರಿ ಬೇಡ. 2015ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಕಾಯಕಲ್ಪ ಎಂಬ ಆಸ್ಪತ್ರೆ ಸ್ವಚ್ಛತೆಯ ಪ್ರಶಸ್ತಿ ಯೋಜನೆಗೆ ಬೇಕಿರುವುದು ನೂರಕ್ಕೆ 70 ಅಂಕ ಮಾತ್ರ.

ಮೊದಲು ಸಿಂಕಿನ ಮೇಲೆ ಪೋಸ್ಟರ್ ಅಂಟಿಸಿ. ಸೋಪು ಹಚ್ಚಿ 40ರಿಂದ 60 ಸೆಕೆಂಡು ಕೈ ತೊಳೆಯಬೇಕೆಂಬ ಚಿತ್ರ ಎದ್ದು ಕಾಣಲಿ. ನಲ್ಲಿಯಲ್ಲಿ ನೀರು ಬಾರದಿದ್ದರೆ ಇನ್ನೂ ಒಳ್ಳೆಯದು, ಪೋಸ್ಟರ್ ನೆನೆಯುವುದಿಲ್ಲ. ಸೋಪನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಹೊರಗಿಟ್ಟರೆ ಕರಗುತ್ತದೆ. ಬೀಗದಕೈ ರಜೆಯಲ್ಲಿರುವವರ ಬಳಿ ಇರಲಿ. ಒಂದೇ ಜೊತೆ ಗ್ಲೌಸಿನಲ್ಲಿ ಇಡೀ ಒಪಿಡಿ ಮುಗಿಸಿ. ನಿಮ್ಮ ಕೈಯಂತೂ ಸ್ವಚ್ಛವಾಗಿಯೇ ಉಳಿಯುತ್ತದೆ.

ಹೊಸದಾಗಿ ಬಂದ ಸಿಸ್ಟರ್ ಕೈ ತೊಳೆಯೋಣವೆಂದು ಹಟ ಹಿಡಿದರೆ ಸೆಮ್ಮೆಲ್‌ವೈಸ್ ಕಥೆ ಹೇಳಿ. 1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ವೈದ್ಯರಿಂದ ಕ್ಲೋರಿನ್ ನೀರಿನಲ್ಲಿ ಕೈ ತೊಳೆಸಿ ಬಾಣಂತಿಯರ ಸಾವನ್ನು ಇಳಿಸಿದವನು ಅವನು. ಎರಡೇ ವರ್ಷದಲ್ಲಿ ಅಲ್ಲಿಯ ಕೆಲಸ ಕಳೆದುಕೊಂಡ. ಸಿಸ್ಟರಿಗೆ ಕೊನೆಯ ವಾಕ್ಯವಷ್ಟೇ ಸಾಕು.

ಇನ್ನು ಕುಡಿಯುವ ನೀರು. ರಾಜಾಜಿನಗರ, ವಿಜಯನಗರಗಳ ಕೊಳಚೆ ಹೊತ್ತ ವೃಷಭಾವತಿ ಪಕ್ಕದಲ್ಲೇ ಹರಿಯುತ್ತಿರಬಹುದು. ನಿಮ್ಮ ಬೋರ್‌ವೆಲ್ ನೀರಿಗೆ ಬಣ್ಣವಿಲ್ಲ ತಾನೇ? ಶುದ್ಧವೆಂದೇ ಬರೆಯಿರಿ. ಟ್ಯಾಂಕು ತೊಳೆಸಲು ಹೋಗಬೇಡಿ, ತೊಳೆಸಿದ ದಿನಾಂಕವನ್ನು ಹೊಸ ಪೇಂಟಿನಲ್ಲಿ ಬರೆಸಿ. ಬ್ಲೀಚಿಂಗ್ ಪೌಡರ್ ಮೂಟೆಯ ಬಾಯಿ ತೆರೆದೇ ಇಡಿ. ಕ್ಲೋರಿನ್ ಹಾರಿಹೋಗಿ ಯಾರಿಗೂ ತೊಂದರೆ ಕೊಡದ ಬಿಳಿ ಪುಡಿ ಉಳಿಯುತ್ತದೆ. ತಪಾಸಣೆಗೆ ಸಾಹೇಬರು ಬರುವ ದಿನ ಅದನ್ನು ದಾರಿಯ ಎರಡೂ ಬದಿಗೆ ರಂಗೋಲಿಯಂತೆ ಎಳೆಯಿರಿ. ಟ್ಯಾಂಕಿಗೆ ಹಾಕಿದರೆ ಯಾರ ಕಣ್ಣಿಗೆ ಬೀಳುತ್ತದೆ?

ಕ್ಲೋರಿನ್ ಹಾಕಿ ಅರ್ಧ ಗಂಟೆಯ ಮೇಲೆ ಲೀಟರಿಗೆ 0.2 ಮಿಲಿಗ್ರಾಂ ಉಳಿದಿರಬೇಕು. ಹಾಗಾಗಿ ರಿಜಿಸ್ಟರಿನಲ್ಲಿ ಡಿಸೆಂಬರ್‌ವರೆಗೂ ಈಗಲೇ 0.2 ತುಂಬಿಸಿಬಿಡಿ. ಅನುಭವಸ್ಥರು ನಡುನಡುವೆ 0.3 ಬರೆಯುತ್ತಾರೆ, ಅಳೆದಂತೆ ಕಾಣಲು. ಪರೀಕ್ಷೆಯ ಬಾಟಲಿಯಲ್ಲಿ ನೀರು ಕಪ್ಪಾದರೆ, ಅಂದರೆ ಮಲದ ಅಂಶ ಸೇರಿದ್ದರೆ, ಸಿಬ್ಬಂದಿ ಕುಡಿಯುವ ಕ್ಯಾನ್ ನೀರು ತುಂಬಿಸಿ ಮರುಪರೀಕ್ಷೆ ಮಾಡಿಸಿ.

ದಾನಿಗಳು ಕೊಟ್ಟ ಆರ್‌ಒ ಯಂತ್ರ ಕೆಟ್ಟು ನಿಂತಿದ್ದರೆ ಅವರ ಹೆಸರಿನ ಫಲಕವನ್ನು ದಿನವೂ ಒರೆಸಿ. ಪಕ್ಕದಲ್ಲಿ ಡ್ರಮ್ ಇಟ್ಟು, ಸರಪಳಿ ಕಟ್ಟಿದ ಒಂದೇ ಲೋಟ ತೂಗುಹಾಕಿ. ಲೋಟ ಕಳೆದೀತು, ಹುಷಾರು.

ಆ ನೀರು ಕುಡಿದವರಿಗೆ ವಾಂತಿ-ಭೇದಿ ಹಿಡಿದರೆ ತಡಮಾಡದೆ ಒಆರ್‌ಎಸ್ ಕೊಡಿ. ಅದೇ ಡ್ರಮ್ಮಿನ ನೀರಿನಲ್ಲಿ ಕದಡಿ ಕೊಡಿ. ಹೊರರೋಗಿಗಳ ಸಂಖ್ಯೆ ಏರುತ್ತದೆ. ಮುಂದಿನ ಸಾಲಿನ ಅನುದಾನ ಕೇಳುವ ಪತ್ರದಲ್ಲಿ ಅದನ್ನು ಮರೆಯದೆ ನಮೂದಿಸಿ.